ನೋಡಿದ್ದೂ ನೋಡದ ಹಾಗೆ

ವಿಸಿಡಿಗಳ ಕಾಲದಲ್ಲಿ ಸಿನಿಮಾ ಕೂಡಿಟ್ಟವರಿಗೆ ಇದು ಗೊತ್ತು. ಹೊರಗಿನ ಕವರ್ ಮೇಲೆ ರಾಜ್‌ಕುಮಾರ್ ಇರಲಿ, ಕಲ್ಪನಾ ಇರಲಿ, ಡಿಸ್ಕಿನ ಒಳಹೊಕ್ಕು ನೋಡಿದರೆ ಎಲ್ಲ ಚಿತ್ರಗಳ ಹೆಸರೂ ಒಂದೇ: ‘ಎವಿಎಸ್‌ಇಕ್ಯೂ01’. ಆಮೇಲೆ ಅವನ್ನೆಲ್ಲ ಹಾರ್ಡ್ ಡಿಸ್ಕಿಗೆ ಸುರಿದುಕೊಳ್ಳುವ ಗಡಿಬಿಡಿಯಲ್ಲಿ ನಾವಾಗಿ ಇಟ್ಟ ಹೆಸರುಗಳು ಇನ್ನೂ ಚಂದ. ‘ಹಳೇದು’, ‘ಹಳೇದು ಹೊಸದು’, ‘ಅಮ್ಮನಿಗೆ’, ‘ಫೈಟಿಂಗ್ ಚೆನ್ನಾಗಿರೋದು’. ನಮ್ಮ ಮನೆಯಲ್ಲಿ ‘ಬೇಡ’ ಎಂಬ ಹೆಸರಿನದೂ ಒಂದಿತ್ತು. ಯಾರಿಗೆ ಬೇಡ, ಯಾಕೆ ಬೇಡ ಎಂದು ಯಾರೂ ಒಪ್ಪಿಕೊಳ್ಳದ ಕಾರಣ ಅದು ಇವತ್ತಿಗೂ ಉಳಿದುಕೊಂಡಿದೆ.

ಮನುಷ್ಯನಿಗೆ ಎಂದಾದರೊಂದು ದಿನ ಶಿಸ್ತಿನ ಹುಚ್ಚು ಹಿಡಿಯುತ್ತದೆ. ಹಬ್ಬದ ಮುಂಚೆ ಅಟ್ಟ ಗುಡಿಸುವವರಿದ್ದಾರೆ. ನನ್ನಂಥವರು ಫೈಲುಗಳ ಹೆಸರು ತಿದ್ದುತ್ತಾರೆ. ಹೀಗೆ ತಿದ್ದಲು ಸಕಾರಣವೂ ಇದೆ. ಕೋಡಿ, ಪ್ಲೆಕ್ಸ್, ಜೆಲ್ಲಿಫಿನ್ ಮುಂತಾದ ತಂತ್ರಾಂಶಗಳಿಗೆ ಚಿತ್ರದ ಹೆಸರನ್ನೂ ಅದರ ಪಕ್ಕ ಆವರಣದಲ್ಲಿ ಇಸವಿಯನ್ನೂ ಕೊಟ್ಟರೆ ಪೋಸ್ಟರು, ನಟರ ಪಟ್ಟಿ, ಕಥಾಸಾರ ಎಲ್ಲವನ್ನೂ ತಾವೇ ತಂದು ಜೋಡಿಸುತ್ತವೆ. ಇಸವಿ ಬಿಟ್ಟರೆ ಕೆಟ್ಟಿತು. ಬರೀ ‘ನಾಗರಹಾವು’ ಎಂದರೆ 1972ರ ಪುಟ್ಟಣ್ಣ ಕಣಗಾಲರದೋ, 2002ರ ಉಪೇಂದ್ರರದೋ, 2016ರದೋ? ವಿಷ್ಣುವರ್ಧನರ ರಾಮಾಚಾರಿ ಚಿತ್ರದುರ್ಗದ ಬಂಡೆಯ ಮೇಲೆ ನಿಂತಿರಬೇಕಾದ ಕಡೆ ಇನ್ಯಾರದೋ ಪೋಸ್ಟರು ಬಂದು ಕೂರುತ್ತದೆ.

ಇಲ್ಲಿಯವರೆಗೆ ಸಂತೋಷದ ವಿಷಯ. ತೊಂದರೆ ಶುರುವಾಗುವುದು ಹೆಸರು ತಿದ್ದಿ ಮುಗಿಸಿ, ಕೈ ಒರೆಸಿಕೊಂಡು, ಟಿವಿ ಹಾಕಿದಾಗ. ನೋಡಿ ಮುಗಿಸಿದ ಚಿತ್ರಗಳ ಪಕ್ಕದಲ್ಲಿ ಇರಬೇಕಾದ ಪುಟ್ಟ ಟಿಕ್ ಗುರುತು ಮಾಯ. ಅಷ್ಟು ವರ್ಷ ಕೂತು ನೋಡಿದ್ದೆಲ್ಲ ನೋಡದೇ ಇದ್ದ ಲೆಕ್ಕ.

ಕೋಡಿಯ ಒಳಗೆ ಒಂದು ಖಾತೆ ಪುಸ್ತಕವಿದೆ. ಚಿತ್ರವನ್ನು ಎಷ್ಟು ಸಲ ನೋಡಲಾಗಿದೆ, ಕೊನೆಯ ಸಲ ಯಾವಾಗ ಎಂಬ ಲೆಕ್ಕವನ್ನು ಅದು ಬರೆದಿಡುವುದು ಫೋಲ್ಡರಿನ ವಿಳಾಸ ಮತ್ತು ಫೈಲಿನ ಹೆಸರಿನ ಮುಂದೆ. ಅರ್ಧಕ್ಕೆ ಎದ್ದವರು ಎಲ್ಲಿ ಎದ್ದರು ಎಂಬುದೂ ಅದೇ ಲೆಕ್ಕಕ್ಕೆ ಗಂಟುಬಿದ್ದಿರುತ್ತದೆ. ಹೆಸರಿನಲ್ಲಿ ಒಂದಕ್ಷರ ಬದಲಾದರೂ ಅದರ ದೃಷ್ಟಿಯಲ್ಲಿ ಹಳಬ ಊರು ಬಿಟ್ಟ, ಹೊಸಬನೊಬ್ಬ ಬಂದ. ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಸೊಸೆಯ ಹೊಸ ಹೆಸರು ಬರೆಸುತ್ತಾರೆ. ಸೊಸೆ ಸುಮ್ಮನೆ ಬರೆಸಿಕೊಂಡರೂ ತವರಿನ ಹಾಡು, ತವರಿನ ಚಟ್ನಿಪುಡಿ, ತವರಿನ ಹಟ ಯಾವುದನ್ನೂ ಬಿಟ್ಟು ಬರುವುದಿಲ್ಲ. ಕೋಡಿಯ ಶಾಸ್ತ್ರದಲ್ಲಿ ಮಾತ್ರ ಅಕ್ಕಿಯ ಮೇಲೆ ಹೆಸರು ಮೂಡಿದ ಕ್ಷಣದಿಂದಲೇ ಆಕೆಯ ಜನನ.

ಹೋದರೆ ಹೋಗಲಿ ಒಂದು ಟಿಕ್ಕು ಎನ್ನುವವರು ಸಂಸಾರಸ್ಥರಲ್ಲ. ನಮ್ಮಲ್ಲಿ ಅದು ಸಾಕ್ಷ್ಯ. ‘ರೀ, ನನ್ನ ಬಿಟ್ಟು ಮುಂದಿನ ಎಪಿಸೋಡ್ ನೋಡಿಬಿಟ್ರಾ?’ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ನಡೆಯುವುದಿಲ್ಲ. ರಿಮೋಟ್ ಹಿಡಿದು ಟಿಕ್ ಪರಿಶೀಲನೆಯಾಗುತ್ತದೆ. ಆದರೆ ಆ ಸಾಕ್ಷಿಯೂ ಅಂಥ ಸತ್ಯಹರಿಶ್ಚಂದ್ರನಲ್ಲ. ಕೋಡಿ ತಾನಾಗಿ ಪಾಲಿಸುವ ನಿಯಮದ ಪ್ರಕಾರ ಶೇ. 90ರಷ್ಟು ಓಡಿದರೆ ಚಿತ್ರ ನೋಡಿದ ಹಾಗೆ. ಮೊದಲ 3 ನಿಮಿಷದೊಳಗೆ ಎದ್ದುಹೋದವರು ಬಂದೇ ಇರಲಿಲ್ಲ ಎಂಬಂತೆ ಅವರು ಬಿಟ್ಟ ಜಾಗವನ್ನೂ ಅದು ಗುರುತಿಟ್ಟುಕೊಳ್ಳುವುದಿಲ್ಲ. ಅಪ್ಪ ಟೈಟಲ್ ಕಾರ್ಡು ಮುಗಿಯುವ ಮೊದಲೇ ಗೊರಕೆ ತೆಗೆದು, ಶುಭಂ ಬಂದಾಗ ಎದ್ದು, ‘ಚೆನ್ನಾಗಿತ್ತು’ ಎಂದು ಮಲಗಲು ಹೋಗುತ್ತಾರೆ. ಅವರಿಗೆ ಟಿಕ್ ಸಿಗುತ್ತದೆ. ಮೂರು ಗಂಟೆಯ ಚಿತ್ರವಾದರೆ ಕೊನೆಯ 18 ನಿಮಿಷ ಬಿಟ್ಟವರಿಗೂ ಸಿಗುತ್ತದೆ. ‘ನಾಗರಹಾವು’ ನೋಡಿದವರಿಗೆ ಆ ಕೊನೆಯ ನಿಮಿಷಗಳಲ್ಲಿ ಬೆಟ್ಟದ ಮೇಲೆ ಏನೇನು ನಡೆಯುತ್ತದೆಂದು ಹೇಳಬೇಕಿಲ್ಲ. ಚಾಮಯ್ಯ ಮೇಷ್ಟ್ರ ಗತಿ ಏನಾಯಿತೆಂದೇ ತಿಳಿಯದವರು ಪಾಸಾದ ಪರೀಕ್ಷೆ ಇದು.

ಇರಲಿ, ಉಪಾಯಕ್ಕೆ ಬರುತ್ತೇನೆ. ಹೆಸರು ಮುಟ್ಟುವ ಮೊದಲು ಲೈಬ್ರರಿಯನ್ನು ಎಕ್ಸ್‌ಪೋರ್ಟ್ ಮಾಡಬೇಕು, ಅದೂ ಬಿಡಿ ಬಿಡಿ ಫೈಲುಗಳಾಗಿ. ಆಗ ಪ್ರತಿ ಚಿತ್ರದ ಪಕ್ಕದಲ್ಲೂ ಎನ್‌ಎಫ್‌ಒ ಎಂಬ ಪುಟ್ಟ ಚೀಟಿ ಬಂದು ಕೂರುತ್ತದೆ; ಎಷ್ಟು ಸಲ ನೋಡಿದ್ದು ಎಂಬುದು ಅದರೊಳಗೆ ದಾಖಲಾಗಿರುತ್ತದೆ. ಚಿತ್ರದ ಹೆಸರು ತಿದ್ದುವಾಗ ಚೀಟಿಯ ಹೆಸರನ್ನೂ ಹಾಗೆಯೇ ತಿದ್ದಬೇಕು. ಕೋಡಿ ಆ ಚೀಟಿ ಓದುತ್ತದೆ ನಿಜ, ಆದರೆ ಅದರಲ್ಲಿರುವ ಟಿಕ್ಕನ್ನು ನಂಬು ಎಂದು ‘ಅಡ್ವಾನ್ಸ್ಡ್‌ಸೆಟ್ಟಿಂಗ್ಸ್’ ಎಂಬ ಕಡತದಲ್ಲಿ ಬರೆದು ಹೇಳಬೇಕು. ಹೇಳದಿದ್ದರೆ ಓದಿಯೂ ಸುಮ್ಮನಿರುತ್ತದೆ. ಸರ್ಕಾರಿ ಕಚೇರಿಗಳಿಗೆ ಅಲೆದವರಿಗೆ ಈ ಸ್ವಭಾವ ಹೊಸದೆನಿಸದು. ಕೊನೆಯಲ್ಲಿ ಮತ್ತೆ ಸ್ಕ್ಯಾನ್. ಎಲ್ಲ ಸರಿಯಾಗಿದೆ ಎಂದು ಕಂಡ ಮೇಲಷ್ಟೇ ಹಳೆಯ ಹೆಸರುಗಳನ್ನು ಅಳಿಸುವ ‘ಕ್ಲೀನ್ ಲೈಬ್ರರಿ’.

ಧಾರಾವಾಹಿಗಳದು ಬೇರೆಯೇ ತಮಾಷೆ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ನಿಮ್ಮಲ್ಲಿದೆ ಎನ್ನಿ. 5ನೆಯ ಕಂತೂ 6ನೆಯದೂ ಅದಲುಬದಲಾಗಿವೆ ಎಂದು ಹೆಸರುಗಳನ್ನು ಪರಸ್ಪರ ಬದಲಿಸುತ್ತೀರಿ. ಎರಡು ಹೆಸರುಗಳೂ ಖಾತೆಯಲ್ಲಿ ಮೊದಲೇ ಇರುವುದರಿಂದ ಕೋಡಿಗೆ ಅನುಮಾನವೇ ಬರುವುದಿಲ್ಲ. ಟಿಕ್ ಕುಂತಲ್ಲೇ ಕುಂತಿರುತ್ತದೆ, ಅದರ ಕೆಳಗಿನ ಕಥೆ ಮಾತ್ರ ಬೇರೆ. ನೀವು ನೋಡಿದ ಕಥೆ ಇನ್ನೂ ಬಾಕಿ, ನೋಡದ ಕಥೆ ಮುಗಿದಿದೆ. ಟಿಕ್ ಪೂರ್ತಿ ಹೋಗಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು.

ಪ್ಲೆಕ್ಸಿನ ದಾರಿ ಇದಕ್ಕಿಂತ ಉದಾರ. ಅಲ್ಲಿ ಟಿಕ್ ಸೇರಿಕೊಂಡಿರುವುದು ಫೈಲಿಗಲ್ಲ, ಚಿತ್ರಕ್ಕೆ. ತಿದ್ದಿದ ಹೆಸರೂ ಅದೇ ಚಿತ್ರವನ್ನು ತೋರಿಸಿದರೆ ಸಾಮಾನ್ಯವಾಗಿ ಟಿಕ್ ಉಳಿಯುತ್ತದೆ. ಟ್ರ್ಯಾಕ್ಟ್ ಎಂಬ ಸೇವೆಯಂತೂ ನಿಮ್ಮ ಲೆಕ್ಕವನ್ನು ಮನೆಯ ಹೊರಗೇ ಇಟ್ಟುಕೊಂಡಿರುತ್ತದೆ. ಹಾರ್ಡ್ ಡಿಸ್ಕೇ ಕೈಕೊಟ್ಟರೂ ನೀವು ಏನೇನು ನೋಡಿದಿರಿ ಎಂಬುದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಸುಭದ್ರ. ಕೆಲವು ಚಿತ್ರಗಳ ಮಟ್ಟಿಗೆ ಇದು ಅಷ್ಟು ಸಮಾಧಾನದ ಸಂಗತಿಯಲ್ಲ.

ಇದೆಲ್ಲದರ ನಡುವೆ ನನಗೆ ಕುತೂಹಲ ಹುಟ್ಟಿಸಿದ್ದು ಕೋಡಿಯ ಸ್ವಂತ ನಾಮಕರಣ. ಮೊದಲು ಅದು ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಾಗಿ ಹುಟ್ಟಿದ್ದು, ಹೆಸರು ಎಕ್ಸ್‌ಬಿಎಂಸಿ. ಆ ಪೆಟ್ಟಿಗೆಯ ಸಂಬಂಧ ಬಿಟ್ಟುಹೋಗಿ ಎಷ್ಟೋ ವರ್ಷಗಳಾದ ಮೇಲೆ 2014ರಲ್ಲಿ ಕೋಡಿ ಆಯಿತು. ಬ್ಯಾಂಗಲೋರ್ ಬೆಂಗಳೂರು ಆದದ್ದೂ ಅದೇ ವರ್ಷದ ನವೆಂಬರ್ 1ಕ್ಕೆ. ನಮ್ಮ ಚಿತ್ರಗಳ ಹೆಸರು ತಿದ್ದಿದರೆ ಗುರುತೇ ಸಿಗದವನಂತೆ ಮುಖ ತಿರುಗಿಸುವ ಈ ತಂತ್ರಾಂಶ, ತನ್ನ ಹೆಸರು ಬದಲಾಯಿಸಿಕೊಳ್ಳುವಾಗ ಎಷ್ಟು ಜಾಗ್ರತೆ ವಹಿಸಿತೆಂದರೆ, ಹಳೆಯ ಹೆಸರಿನ ಫೋಲ್ಡರಿನಲ್ಲಿದ್ದ ಖಾತೆ, ಟಿಕ್ಕು, ಸೆಟ್ಟಿಂಗು ಸಮಸ್ತವನ್ನೂ ಹೊಸದಕ್ಕೆ ಸಾಗಿಸಿಕೊಂಡಿತು. ಸಾಗಿಸಿದ್ದಕ್ಕೆ ಗುರುತಾಗಿ ‘ಕೋಡಿ ಡೇಟಾ ವಾಸ್ ಮೈಗ್ರೇಟೆಡ್’ ಎಂಬ ಅರ್ಥದ ಪುಟ್ಟ ಫೈಲೊಂದನ್ನೂ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಂಡಿತು. ಸಿಕ್ಕಸಿಕ್ಕಿದ್ದರ ಹೆಸರೆಲ್ಲ ತಿದ್ದುವ ನನಗೆ ಆ ಒಂದು ಫೈಲನ್ನು ಮುಟ್ಟುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.