ಹರಿವಿನ ಮೇಷ್ಟ್ರು

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ನದಿಗಳ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠ. ಅವು ಹರಿದದ್ದು ಮಾತ್ರ ಅಜ್ಜಂದಿರ ನೆನಪು. ಇಂಥ ಸೀಮೆಯ ಶಿಡ್ಲಘಟ್ಟದಲ್ಲಿ, ರೇಷ್ಮೆ ಬಿಚ್ಚುವವರ ಮನೆಯಲ್ಲಿ ಹುಟ್ಟಿದ ನಮ್ಮ ಮೇಷ್ಟ್ರು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ: ಪ್ರಕ್ಷುಬ್ಧ ಹರಿವು.

ಕೆಲಸವೆಲ್ಲ ಕಂಪ್ಯೂಟರಿನಲ್ಲೇ. ಅದನ್ನು ಕೇಳಿದ ಅಜ್ಜಿ, "ಅದರೊಳಗೆ ನೀರು ಹರಿಸ್ತಾನಂತೆ. ಎರಡು ಬಿಂದಿಗೆ ಈ ಕಡೆ ತಿರುಗಿಸೋಕೆ ಹೇಳ್ರೋ" ಅಂದರು. ಚಿಂತಾಮಣಿಯ ಸೋದರಮಾವ ತೋಟಕ್ಕೆ ಕರೆದೊಯ್ದು, "ಬೋರ್‌ವೆಲ್ ಪಾಯಿಂಟ್ ತೋರಿಸಪ್ಪ" ಅಂದ. ಮೇಷ್ಟ್ರು ಸಮೀಕರಣ ಶುರುಮಾಡುವಷ್ಟರಲ್ಲಿ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡವನು ಜಾಗ ತೋರಿಸಿ, ದುಡ್ಡು ಎಣಿಸಿಕೊಂಡು ಹೋಗಿದ್ದ.

ಇನ್ನು ಮುದ್ದೇನಹಳ್ಳಿಯ ಕಾಟ ಬೇರೆ. ಆ ಊರಿನ ವಿಶ್ವೇಶ್ವರಯ್ಯನವರು ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆಯುವ ಗೇಟು ಕೂರಿಸಿದ್ದು 1903ರಲ್ಲಿ. "ನೀವೇನು ಕೂರಿಸಿದ್ದೀರಿ?" ಅಂತ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಮೇಷ್ಟ್ರಿಗೆ ನಲ್ಲಿಯ ವಾಷರ್ ಕೂರಿಸುವುದೂ ಬಾರದು.

ಹೆಣ್ಣು ನೋಡಲು ಗೌರಿಬಿದನೂರಿಗೆ ಹೋದಾಗ ಹುಡುಗಿಯ ಅಪ್ಪ ಸಂಬಳ ಕೇಳಿದರು. ಪ್ರಕ್ಷುಬ್ಧ ಹರಿವನ್ನು ಸರಾಸರಿ, ಏರುಪೇರು ಎಂದು ಬಿಡಿಸಿ ನೋಡುವುದನ್ನು ವಿಜ್ಞಾನಿ ರೆನಾಲ್ಡ್ಸ್ 1895ರಲ್ಲೇ ಕಲಿಸಿದ್ದಾನೆ. ಗುತ್ತಿಗೆ ಮೇಷ್ಟ್ರು ಅದೇ ಧೈರ್ಯದ ಮೇಲೆ, "ಸರಾಸರಿ ಹೇಳಬಹುದು, ಯಾವ ತಿಂಗಳು ಎಷ್ಟು ಅಂತ ಹೇಳೋಕಾಗಲ್ಲ" ಅಂದರು. ಉಪ್ಪಿಟ್ಟಿನ ನಂತರ ಕಾಫಿ ಬರಲಿಲ್ಲ.

ಕಾಲೇಜಿನಲ್ಲಿ ಕಲಿಸುವುದೂ ಅದೇ ರೆನಾಲ್ಡ್ಸನ 1883ರ ಪ್ರಯೋಗ. ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆ ಮೊದಲು ರೇಷ್ಮೆಯಂತೆ ನೆಟ್ಟಗೆ ಸಾಗುತ್ತದೆ. ಹರಿವಿನ ವೇಗ ಏರಿ ರೆನಾಲ್ಡ್ಸ್ ಸಂಖ್ಯೆ ಸುಮಾರು 2,000 ದಾಟಿದ ಮೇಲೆ ಎಳೆ ಕದಡಿ ಚೆಲ್ಲಾಪಿಲ್ಲಿ. ಟ್ಯಾಂಕರ್ ಬಾರದ ದಿನ ಎಳೆಯನ್ನೂ ಗದ್ದಲವನ್ನೂ ಸೀಮೆಸುಣ್ಣದಲ್ಲೇ ಬರೆಯುತ್ತಾರೆ.

ಮೊನ್ನೆ ವಾರದ ಮೇಲೆ ಬೀದಿ ನಲ್ಲಿಯಲ್ಲಿ ನೀರು ಬಂತು. ಅಮ್ಮ ಬಿಂದಿಗೆ ಕೊಟ್ಟು ಕಳಿಸಿದರು. ಮೇಷ್ಟ್ರು ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದರು: ಗಾಜಿನಂಥ ಎಳೆ. ಪೂರ್ತಿ ತಿರುಗಿಸಿದರು: ಭೋರ್ಗರೆತ. ಮತ್ತೆ ಕಾಲು ಸುತ್ತು. ಮತ್ತೆ ಪೂರ್ತಿ. ಕಣ್ಣು ಮಿನುಗುತ್ತಿತ್ತು, ಬಿಂದಿಗೆ ಪಕ್ಕದಲ್ಲೇ ಖಾಲಿ ಕೂತಿತ್ತು.

ಹಿಂದಿನ ಸಾಲಿನಿಂದ ಒಂದು ದನಿ: "ಮೇಷ್ಟ್ರೇ, ನೀರು ಬಿಟ್ಟಿರೋದು ಹಿಡಿಯೋಕೆ ಕಣ್ರೀ, ನೋಡೋಕಲ್ಲ!"