ಮ್ಯಾನೇಜರ್ರ ಕೊನೆಯ ಪೋಸ್ಟಿಂಗು

ಗೃಹಪ್ರವೇಶ ಮುಗಿದು ವರ್ಷವಾದರೂ ಗೋಡೆಯಲ್ಲಿ ಒಂದೇ ಒಂದು ಮೊಳೆ ಇಲ್ಲದ ಮನೆ ಮೈಸೂರಿನಲ್ಲಿ ಕಂಡರೆ ಸಂಶಯವೇ ಬೇಡ, ಅದು ಬ್ಯಾಂಕಿನಿಂದ ರಿಟೈರಾದವರ ಮನೆ. ದೇವರ ಪಟಗಳು ಗೋಡೆಗೊರಗಿ ನೆಲದ ಮೇಲೆ ಕೂತಿರುತ್ತವೆ. ಗಡಿಯಾರ ಸೋಫಾದ ಮೇಲೆ ಅಂಗಾತ ಮಲಗಿಕೊಂಡೇ ಗಂಟೆ ತೋರಿಸುತ್ತದೆ.

ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಇಂಥವರೊಬ್ಬರಿದ್ದಾರೆ. ಎಲ್ಲರಿಗೂ ಅವರು ಮ್ಯಾನೇಜರ್ರು. ವಿಜಯಾ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣವಾದ ಹೊಸತರಲ್ಲಿ ಗುಮಾಸ್ತರಾಗಿ ಸೇರಿ, ಆಫೀಸರಾಗಿ, ನಾಗಪುರ, ಗುವಾಹಟಿ, ಲಖನೌ ಎಂದು ಸುತ್ತಿದವರು. ಇನ್ನೇನು ಊರಿಗೆ ಹೊರಡಬೇಕು ಎನ್ನುವಷ್ಟರಲ್ಲಿ ಬ್ಯಾಂಕಿಗೇ ಟ್ರಾನ್ಸ್‌ಫರ್ ಆಯಿತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ್ದು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ. "ಗುಜರಾತು ಬೇಡ ಅಂತ ಪ್ರಮೋಷನ್ನೇ ಬಿಟ್ಟಿದ್ದೆ ಕಣ್ರೀ, ಕೊನೆಗೆ ಬ್ಯಾಂಕೇ ಹೋಯ್ತು" ಎಂದು ಅವರು ನಗುತ್ತಾರೆ. ಅವರ ಜಾಗದಲ್ಲಿ ನಾನಿದ್ದರೆ ನಗುತ್ತಿರಲಿಲ್ಲ.

ಮೊಳೆಯ ವಿಷಯಕ್ಕೆ ಬರೋಣ. ಇವರಿದ್ದ ಊರಿನಲ್ಲೆಲ್ಲ ಮನೆ ಮಾಲೀಕರು ಬೀಗದ ಕೈ ಕೊಡುವಾಗ ಹೇಳುತ್ತಿದ್ದುದು ಒಂದೇ ಮಾತು: "ದೀವಾರ್ ಮೇ ಕೀಲ್ ಮತ್ ಠೋಕ್ನಾ." ಅದು ರಕ್ತಕ್ಕಿಳಿದಿದೆ. ಒಂದು ಭಾನುವಾರ ಆ ಮನೆಯಮ್ಮ ಬಡಗಿಯನ್ನು ಕರೆಸಿಯೇಬಿಟ್ಟರು. ಆತ ಡ್ರಿಲ್ಲಿಗೆ ಬಿಟ್ ಸಿಕ್ಕಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, "ಹೊಡೀಲಾ ಸಾರ್?" ಎಂದ.

"ಒಂದ್ನಿಮಿಷ ತಾಳಪ್ಪ, ಓನರ್‌ನ ಒಂದ್ಮಾತು ಕೇಳಿಬಿಡೋಣ."

"ಓನರ್ ಎಲ್ಲಿದ್ದಾರೆ ಸಾರ್?"

ಮ್ಯಾನೇಜರ್ರು ನಿಜವಾಗಿಯೂ ಬಾಗಿಲ ಕಡೆ ನೋಡಿದರು. "ರೀ, ನೀವು ಹಾಲು ತನ್ನಿ ಹೋಗಿ" ಎಂದು ಮನೆಯಮ್ಮ ಅವರ ಕೈಗೆ ಚೀಲ ಕೊಟ್ಟು ಕಳಿಸಿದರು. ವಾಪಸು ಬರುವಷ್ಟರಲ್ಲಿ ಸತ್ಯನಾರಾಯಣಸ್ವಾಮಿ ಗೋಡೆ ಏರಿಯಾಗಿತ್ತು. ಮ್ಯಾನೇಜರ್ರು ನೆಲಕ್ಕೆ ಬಿದ್ದಿದ್ದ ಸಿಮೆಂಟಿನ ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ತೆಗೆದು ಒಂದು ಕಾಗದದಲ್ಲಿ ಕಟ್ಟಿಟ್ಟರು. ಖಾಲಿ ಮಾಡುವಾಗ ತೂತು ಮುಚ್ಚಲು ಬೇಕಾಗುತ್ತದಂತೆ.

ಒಂದು ಜಾಗದಲ್ಲಿ ಮೂರು ವರ್ಷ ಎನ್ನುವುದು ಅವರ ಲೆಕ್ಕ. ಹಿತ್ತಲಲ್ಲಿ ತೆಂಗಿನ ಸಸಿ ನೆಡಲು ಬಂದ ಮಾಲಿ ಫಸಲಿಗೆ ಐದಾರು ವರ್ಷ ಬೇಕು ಎಂದಾಗ, "ಅಷ್ಟು ದಿನ ನಮ್ಮನ್ನ ಇಲ್ಲಿ ಇಟ್ಟಿರ್ತಾರಾ?" ಎಂದು ಕೇಳಿದ್ದನ್ನು ಕಾಂಪೌಂಡಿನ ಆಚೆಯಿಂದ ನಾನೇ ಕೇಳಿಸಿಕೊಂಡಿದ್ದೇನೆ.

ಇನ್ನು ಹೋಲಿಕೆಯ ಚಟ. ಲಖನೌದಲ್ಲಿ ಇದ್ದಷ್ಟು ದಿನ ನಂಜನಗೂಡು ರಸಬಾಳೆ, ಈರನಗೆರೆ ಬದನೆ ಎಂದು ಅಲ್ಲಿಯವರ ತಲೆ ತಿಂದರಂತೆ. ಈಗ ದೇವರಾಜ ಮಾರುಕಟ್ಟೆಯಲ್ಲಿ ಬಾದಾಮಿ ಮಾವನ್ನು ಮೂಸಿ ನೋಡಿ, ಮಲಿಹಾಬಾದಿನ ದಶೇರಿಯ ಮುಂದೆ ಇದೇನು ಮಹಾ ಎಂದು ಶುರು ಮಾಡುತ್ತಾರೆ. "ಹಂಗಾದ್ರೆ ಅಲ್ಲೇ ಹೋಗಿ ತಿನ್ನಿ ಸ್ವಾಮಿ, ಹಣ್ಣು ಕೆಳಗಿಡಿ" ಎಂದಳು ಮಾರುವವಳು. ಆಟೋದವನನ್ನು ಭಾಯಿಸಾಬ್ ಎನ್ನುತ್ತಾರೆ; ಅವನು ಇವರನ್ನು ಟೂರಿಸ್ಟ್ ಎಂದುಕೊಂಡು ಅರಮನೆಗೆ ಎಷ್ಟು ಎಂದು ರೇಟು ಹೇಳುತ್ತಾನೆ.

ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಬ್ಯಾಂಕಿಗೆ ಹೋದರೆ ಮಾತ್ರ ಹಳೆಯ ಕಳೆ ಬರುತ್ತದೆ. ಬದುಕಿದ್ದೇನೆ ಎಂದು ಬರೆದುಕೊಡಲು ಹೋದವರು ಕ್ಯೂ ಸರಿಮಾಡಿ, ಇಬ್ಬರು ಅಜ್ಜಿಯರ ಫಾರಂ ತುಂಬಿ, ಕೌಂಟರಿನ ಹುಡುಗನ ಸೀಲು ತಲೆಕೆಳಗಾಗಿದೆ ಎಂದು ತಿದ್ದಿ ಮಧ್ಯಾಹ್ನದ ಊಟಕ್ಕೆ ಬರುತ್ತಾರೆ.

ಅಟ್ಟದ ಮೇಲೆ ಟಿವಿ, ಫ್ರಿಜ್ಜು, ಮಿಕ್ಸಿಯ ಖಾಲಿ ಡಬ್ಬಗಳು ಥರ್ಮೋಕೋಲ್ ಸಮೇತ ನಂಬರು ಬರೆಸಿಕೊಂಡು ಕೂತಿವೆ. ಟಿವಿಯೇ ಕೆಟ್ಟು ಗುಜರಿಗೆ ಹೋದರೂ ಡಬ್ಬ ಹೋಗಲಿಲ್ಲ. ಎದುರುಮನೆ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಾಗ ಇವರೇ ಹೋಗಿ ಪಾತ್ರೆಗಳ ಮಧ್ಯೆ ಹಳೇ ಸೀರೆ ತುರುಕಿ ಕಟ್ಟಿಕೊಟ್ಟರು. ಒಂದು ಲೋಟವೂ ಸೊಟ್ಟಗಾಗಲಿಲ್ಲ. ಆದ್ದರಿಂದ ನಮ್ಮ ಕಡೆ ಯಾರಾದರೂ ಮನೆ ಖಾಲಿ ಮಾಡುವವರಿದ್ದರೆ ದುಡ್ಡು ಕೊಟ್ಟು ಪ್ಯಾಕರ್ಸ್‌ನವರನ್ನು ಕರೆಸಬೇಡಿ. ಮ್ಯಾನೇಜರ್ರಿಗೆ ಹಿಂದಿನ ದಿನ ಒಂದು ಮಾತು ಹೇಳಿ. ಡಬ್ಬ, ಹಗ್ಗ, ಉಪದೇಶ ಎಲ್ಲ ಅವರದೇ, ಕಾಫಿಯೊಂದು ನಿಮ್ಮದು.