ಎರಡಿಂಚು ಕೆಳಗಿನ ಮಾಣಿ

ಮಳೆಗಾಲ ಹಿಡಿದ ಮೇಲೆ ಸಾಗರ, ಹೊಸನಗರದ ಕಡೆ ಇಬ್ಬರು ಎದುರಾದರೆ ಮೊದಲು ವಿಚಾರಿಸುವುದು ಲಿಂಗನಮಕ್ಕಿಯ ಲೆವೆಲ್ಲು. 1964ರಲ್ಲಿ ಕಟ್ಟಿದ ಡ್ಯಾಮು, 1819 ಅಡಿಗೆ ಬಂದರೆ ತುಂಬಿದ ಹಾಗೆ. ನಮ್ಮ ಮಾಣಿಗೂ, ಅಂದರೆ ಊರಿನ ಹುಡುಗನಿಗೂ, ಲೆವೆಲ್ಲಿನದೇ ಚಿಂತೆ. ಅವನ ಲೆಕ್ಕ ಮಾತ್ರ ಮಿಲಿಮೀಟರಿನದು, ಅದೂ ಕೆಳಮುಖವಾಗಿ.

ಇವನನ್ನು ನೋಡದವರಿಲ್ಲ. ಅಡಿಕೆಗೆ ಒಳ್ಳೆ ದರ ಬಂದ ವರ್ಷ ಕೊಂಡ ಹಳೇ ಸ್ವಿಫ್ಟು, ಕೆಎ 15 ನಂಬರು, ಕಪ್ಪು ಅಲಾಯ್ ವೀಲು. ಕಂಪನಿಯವರು ನೆಲದಿಂದ 170 ಮಿಲಿಮೀಟರ್ ಎತ್ತರ ಬಿಟ್ಟಿದ್ದರು. ಸ್ಪ್ರಿಂಗಿನ ಸುತ್ತು ಕತ್ತರಿಸಿ ಎರಡಿಂಚು 'ಡೌನ್' ಮಾಡಿಸಿದ ಮೇಲೆ ಉಳಿದದ್ದು ಸುಮಾರು 120. ಅಂಗಳಕ್ಕೆ ತಂದು ನಿಲ್ಲಿಸಿದಾಗ ಅಜ್ಜಿ ಜಗುಲಿಯಿಂದಲೇ ಕೇಳಿದರು: "ಎಂತದಾ ಮಾಣಿ, ಇದು ಕಾರೋ ಮಣೆಯೋ?"

ಮಾಣಿಗೆ ಬೇಸರವಾಗಲಿಲ್ಲ. ಹೊಗಳಿಕೆ ಅಂತಲೇ ತಿಳಿದುಕೊಂಡ.

ಅವನ ಶತ್ರು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲವಿದ್ದರೆ ಸ್ವಿಫ್ಟಿನ ನಾಲ್ಕೂ ಚಕ್ರ ಒಟ್ಟಿಗೇ ಹಂಪಿನ ಮೇಲೆ ನಿಲ್ಲುತ್ತವೆ, ಹೊಟ್ಟೆಗೆ ತಾಗುವುದಿಲ್ಲ. ಈ ಅಂಕಿ ಮಾಣಿಗೆ ಬಾಯಿಪಾಠ. ಹಂಪು ಹಾಕಿದವರಿಗೆ ಇಲ್ಲ. ಶಾಲೆ ಎದುರು ಯಾರೋ ಬೈಕಿನಿಂದ ಬಿದ್ದ ಮಾರನೇ ದಿನ ಉಳಿದ ಡಾಂಬರು ಸುರಿದು ಎಬ್ಬಿಸಿದ ಗುಡ್ಡೆಗೆ ಯಾವ ಕಾಂಗ್ರೆಸ್ಸೂ ಗೊತ್ತಿರುವುದಿಲ್ಲ. ಹಾಗಾಗಿ ಸಾಗರದಿಂದ ತೀರ್ಥಹಳ್ಳಿಯವರೆಗಿನ ಒಂದೊಂದು ಹಂಪಿನ ಜಾತಕವೂ ಇವನ ತಲೆಯಲ್ಲಿದೆ: ಯಾವುದನ್ನು ಎಡಗಡೆಯಿಂದ ಓರೆಯಾಗಿ ಹತ್ತಬೇಕು, ಯಾವುದಕ್ಕೆ ಎಷ್ಟು ಜನರನ್ನು ಇಳಿಸಬೇಕು.

ಇಳಿಸಬೇಕು ಎಂದದ್ದು ತಮಾಷೆಗಲ್ಲ. ಮದುವೆಯ ಸೀಸನ್ನಿನಲ್ಲಿ ಹಿಂದಿನ ಸೀಟಿನಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಕೂತರೆ ಹಂಪು ಬಂದಾಗಲೆಲ್ಲ ವಿನಯದ ಕೋರಿಕೆ: "ದೊಡ್ಡಮ್ಮಾ, ಒಂಚೂರು ಇಳೀತ್ಯಾ?" ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಮೂವರೂ ಹಂಪನ್ನು ನಡೆದು ದಾಟುತ್ತಾರೆ. ಕಾರು ಖಾಲಿಯಾಗಿ, ಓರೆಯಾಗಿ, ಉಸಿರು ಬಿಗಿಹಿಡಿದು ದಾಟುತ್ತದೆ. ಹಿಂದೆ ನಿಂತ ಜೀಪಿನವನು ಹಾರನ್ ಮಾಡುವುದನ್ನೂ ಮರೆತು ನೋಡುತ್ತಾನೆ.

ಶರಾವತಿ ಹಿನ್ನೀರಿಗೆ ಸೇತುವೆ ಇಲ್ಲದ ಕಾಲದಲ್ಲಿ ಹೊಳೆಬಾಗಿಲಿನ ಲಾಂಚು ಇವನಿಗೆ ಯಮಸ್ವರೂಪಿ. ದಂಡೆಯಿಂದ ಲಾಂಚಿನ ಹಲಗೆಗೆ ಏರುವ ಮೂಲೆಯಲ್ಲೇ ಮುಂದಿನ ಬಂಪರು ಕೆರೆಯುತ್ತಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಹಿನ್ನೀರಿನ ಮೇಲೆ 2.44 ಕಿಲೋಮೀಟರ್, ನಡುಭಾಗಕ್ಕೆ ಕೇಬಲ್ಲಿನ ಆಸರೆಯಿರುವ ನುಣ್ಣನೆ ರಸ್ತೆ. ದ್ವೀಪದಂತಿದ್ದ ತುಮರಿ ಭಾಗದ ಜನ ದಶಕಗಟ್ಟಲೆ ಹೋರಾಡಿ ಪಡೆದದ್ದು ಅದು. ಮಾಣಿಯ ಪ್ರಕಾರ ಮೂರು ತಾಲ್ಲೂಕಿನಲ್ಲಿ ತನ್ನ ಗಾಡಿಗೆ ಯೋಗ್ಯವಾದ ರಸ್ತೆ ಅದೊಂದೇ. ಉಳಿದವರು ಸಿಗಂದೂರು ಚೌಡೇಶ್ವರಿಯ ದರ್ಶನಕ್ಕಾಗಿ ಸೇತುವೆ ದಾಟಿದರೆ, ಇವನು ಸೇತುವೆ ದಾಟುವುದಕ್ಕಾಗಿ ದೇವಿಯ ದರ್ಶನ ಮಾಡಿದ.

ಕಷ್ಟ ಶುರುವಾದದ್ದು ಆಮೇಲೆ. ಗಾಡಿ ಸಣ್ಣ ಹೊಂಡಕ್ಕೂ ಕುಣಿಯತೊಡಗಿತು. ಗ್ಯಾರೇಜಿನವರು ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟರು. ಒಮ್ಮೆ ಎದ್ದು ಸುಮ್ಮನಾಗಬೇಕಾದ ಕಾರು ಮತ್ತೆ ಮತ್ತೆ ತಲೆಯಾಡಿಸಿತು. "ಸ್ಪ್ರಿಂಗು ಭಾರ ಹೊರ್ತದೆ, ಶಾಕಬ್ಸರು ಕುಣಿತ ನಿಲ್ಲಿಸ್ತದೆ. ನೀ ಸ್ಪ್ರಿಂಗು ಕೊಯ್ದೆ, ಅದು ಗಟ್ಟಿಯಾಯ್ತು. ಹಳೇ ಶಾಕಬ್ಸರಿಗೆ ಅದನ್ನ ಹಿಡಿಯೋ ತಾಕತ್ತಿಲ್ಲ ಮಾರಾಯ," ಎಂದರು. ಇನ್ನೊಂದು ಸಂಗತಿಯೂ ಇತ್ತು. ಗಾಡಿ ಕೆಳಗೆ ಕೂತಿದ್ದರಿಂದ ಶಾಕಬ್ಸರಿನ ಒಳಗಿನ ಪಿಸ್ಟನ್ನೂ ಮೊದಲೇ ಅರ್ಧ ಒಳಗೆ ಹೋಗಿ ಕೂತಿತ್ತು. ಹೊಂಡ ಬಂದಾಗ ಸರಿಯಲು ಜಾಗವಿಲ್ಲದೆ ಬಂಪ್ ಸ್ಟಾಪಿನ ರಬ್ಬರಿಗೆ ಗುದ್ದುತ್ತಿತ್ತು. ಆ ಗುದ್ದು ಸೀದಾ ಮಾಣಿಯ ಸೊಂಟಕ್ಕೆ.

ಅಂದಿನಿಂದ ಮಾಣಿ ವಿದ್ವಾಂಸನಾದ. ಶ್ರಾದ್ಧದ ಊಟದ ಪಂಕ್ತಿಯಲ್ಲೂ ಉಪನ್ಯಾಸ: ಮುಂದೆ ಇರುವುದು ಸ್ಟ್ರಟ್ಟು, ಸ್ಪ್ರಿಂಗು ಶಾಕಬ್ಸರು ಎರಡೂ ಒಂದೇ ಕಂಬದಲ್ಲಿ, ಸ್ಟಿಯರಿಂಗ್ ತಿರುಗಿಸಿದರೆ ಅದೂ ತಿರುಗುತ್ತದೆ, ಹಿಂದೆ ಎರಡೂ ಬೇರೆ ಬೇರೆ. ಡೌನ್ ಗಾಡಿಗೆ ಸ್ಟ್ರೋಕ್ ಗಿಡ್ಡ ಇರುವ, ಮೇಲೇಳುವಾಗ ಬಿಗಿ ಹಿಡಿಯುವ ಶಾಕಬ್ಸರೇ ಆಗಬೇಕು. ಆಯಿಲ್ ಒಂದೇ ಇದ್ದರೆ ಜಲ್ಲಿ ರಸ್ತೆಯಲ್ಲಿ ನೊರೆಯೆದ್ದು ಸೋಲುತ್ತದೆ, ನೈಟ್ರೋಜನ್ ಗ್ಯಾಸ್ ತುಂಬಿದ್ದು ಬೇಕು. ಪೇಟೆಯ ಗೆಳೆಯರು ಮಾನೋಟ್ಯೂಬ್ ಹಾಕಿಸು ಎಂದರು. ಬಿಸಿ ಬೇಗ ಆರುತ್ತದೆ, ರೇಸಿನವರಿಗೆ ಪ್ರಿಯ. ಇಲ್ಲಿ ಮಾತ್ರ ಮಾಣಿ ನಿಜವಾದ ಬುದ್ಧಿವಂತಿಕೆ ತೋರಿದ. ಮಾನೋಟ್ಯೂಬಿಗೆ ಇರುವುದು ಒಂದೇ ಗೋಡೆ. ಬಿದನೂರು ನಗರದ ಕಡೆಯ ಮಣ್ಣುರಸ್ತೆಯಲ್ಲಿ ಕಲ್ಲು ಸಿಡಿದು ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್‌ಟ್ಯೂಬಿಗೆ ಹೊರಗೊಂದು ಗೋಡೆ ಹೆಚ್ಚು, ಪೆಟ್ಟು ಅದಕ್ಕೇ ಮುಗಿಯುತ್ತದೆ. ರಾಡಿನ ಮೇಲೆ ಕೆಸರು ಒಣಗಿ ಸೀಲು ಹರಿಯದಂತೆ ರಬ್ಬರು ಕವಚ ಹಾಕಿಸಿದ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದ, ಅಲೈನ್‌ಮೆಂಟ್ ಮಾಡಿಸಿದ. ಒಟ್ಟು ಬಿಲ್ಲು ಕೇಳಿದ ಅಪ್ಪಯ್ಯ, "ಇಳಿಸೂಕೆ ದುಡ್ಡು, ಇಳಿದಿದ್ದನ್ನ ತಡ್ಕಳೂಕೂ ದುಡ್ಡು" ಎಂದು ಕವಳ ಉಗಿಯಲು ಎದ್ದುಹೋದರು.

ಕುಣಿತ ನಿಂತಿತು, ಒಪ್ಪಬೇಕು. ಆದರೆ ಅಪ್ಪಯ್ಯ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಡಿಕ್ಕಿಗೆ ಅಡಿಕೆ ಚೀಲ ಹೇರಿದರು. ಹಿಂದಿನ ಟೈರು ಮಡ್‌ಗಾರ್ಡಿನ ಒಳಕ್ಕೆ ಅಡಗಿತು, ಸೈಲೆನ್ಸರು ದಣಪೆಯ ಹತ್ತಿರವೇ ಕಳಚಿತು. ಅಡಿಕೆ ಮಂಡಿಗೆ ಪಕ್ಕದ ಮನೆಯ ಜೀಪಿನಲ್ಲಿ ಹೋಯಿತು.

ಈಗ ಇನ್ನೊಂದು ಗಂಡಾಂತರ. ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಲು ಬಿಡುವುದಿಲ್ಲ, ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಮಾಣಿ ಹಿಂದಿನ ದಿನವೇ ಗುಜರಿಯಿಂದ ಕಂಪನಿಯ ಸ್ಪ್ರಿಂಗು ಹುಡುಕಿ ತಂದು ಹಾಕಿಸಿದ. ಸಾಗರಕ್ಕೆ ಹೋಗುವಾಗ ಜೊತೆಗೆ ಬಂದ ದೊಡ್ಡಮ್ಮ ಒಂದು ಹಂಪಿಗೂ ಇಳಿಯಲಿಲ್ಲ. "ಈಗ ಚೊಲೋ ಆತು ನೋಡು, ಹೀಂಗೇ ಇಡು," ಎಂದರು.

ಮಾಣಿ ಹೂಂ ಅಂದ. ನವೀಕರಣದ ಕಾಗದ ಕೈಗೆ ಬಂದ ಮಾರನೇ ದಿನ ಆ ಸ್ಪ್ರಿಂಗು ಅಟ್ಟ ಸೇರಿತು.